ಮೆಕ್ಸಿಕೊ ಸಿಟಿ: ನಗರ ಒಂದು, ಸರ್ಕಾರ ಮೂರು

ಮೆಕ್ಸಿಕೊ ಸಿಟಿಯ ಜನಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸರಿ. 2020ರ ಜನಗಣತಿಯ ಪ್ರಕಾರ ರಾಜಧಾನಿಯ ಆಡಳಿತ ಗಡಿಯೊಳಗೆ ವಾಸಿಸುವವರು 92 ಲಕ್ಷ. ಗಡಿಯಾಚೆಗೂ ಎಡೆಬಿಡದೆ ಹಬ್ಬಿರುವ ಮಹಾನಗರ ವಲಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಖ್ಯೆ 2.18 ಕೋಟಿ. ಮಹಾನಗರದ ಇಂದಿನ ಬಿಕ್ಕಟ್ಟು ಅಡಗಿರುವುದು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ.

ರಾಜಧಾನಿಯ 16 ಆಡಳಿತ ವಿಭಾಗಗಳು, ನೆರೆಯ ಮೆಕ್ಸಿಕೊ ರಾಜ್ಯದ 59 ಪುರಸಭೆಗಳು ಹಾಗೂ ಹಿಡಾಲ್ಗೊ ರಾಜ್ಯದ ಒಂದು ಪುರಸಭೆ ಈ ವಲಯಕ್ಕೆ ಸೇರಿವೆ. ಮೂರು ಸರ್ಕಾರಗಳು, ಮೂರು ಬಜೆಟ್‌ಗಳು. ನಗರ ಮಾತ್ರ ಒಂದೇ.

ಅಂಚಿನತ್ತ ಬೆಳವಣಿಗೆ

1990ರಲ್ಲಿ ರಾಜಧಾನಿಯ ಜನಸಂಖ್ಯೆ 82 ಲಕ್ಷವಿತ್ತು. ಮುಂದಿನ 30 ವರ್ಷಗಳಲ್ಲಿ ಅದಕ್ಕೆ ಸೇರಿದ್ದು ಹತ್ತು ಲಕ್ಷಕ್ಕೂ ಕಡಿಮೆ. 2010ರಿಂದ 2020ರವರೆಗೆ ಇಡೀ ವಲಯದಲ್ಲಿ ಹೆಚ್ಚಿದ 16.9 ಲಕ್ಷ ಜನರಲ್ಲಿ ರಾಜಧಾನಿಯ ಪಾಲು ಸುಮಾರು 3.6 ಲಕ್ಷ ಮಾತ್ರ. ಅಂದರೆ ಐದರಲ್ಲಿ ನಾಲ್ಕು ಪಾಲು ಬೆಳವಣಿಗೆ ಗಡಿಯಾಚೆಯದು. ಇದೇ ಅವಧಿಯಲ್ಲಿ ಉತ್ತರದ ಟೆಕಾಮಕ್ 3.64 ಲಕ್ಷದಿಂದ 5.47 ಲಕ್ಷಕ್ಕೆ ಏರಿತು. ಒಂದು ಕಾಲದಲ್ಲಿ ವೇಗವಾಗಿ ಬೆಳೆದಿದ್ದ, ರಾಜಧಾನಿಗೆ ಹೆಚ್ಚು ಹತ್ತಿರವಿರುವ ಎಕಟೆಪೆಕ್ 16.5 ಲಕ್ಷದ ಆಸುಪಾಸಿನಲ್ಲೇ ನಿಂತಿತು. ಅಂಚು ದೂರ ಸರಿಯುತ್ತಲೇ ಇದೆ.

ಇದರ ಹಿಂದೆ ಸರ್ಕಾರಿ ನೀತಿಗಳ ಕೈವಾಡವೂ ಇದೆ. 1950ರ ದಶಕದಲ್ಲಿ ರಾಜಧಾನಿಯ ಆಡಳಿತವು ಹೊಸ ಬಡಾವಣೆಗಳಿಗೆ ತಡೆ ಒಡ್ಡಿದಾಗ ಬಡವರು ಬತ್ತಿದ ಟೆಸ್ಕೊಕೊ ಸರೋವರದ ನೆಲದಲ್ಲಿ ನೆಲೆಯೂರಿದರು. 1963ರಲ್ಲಿ ಪುರಸಭೆಯಾದ ಆ ನೆಸಾವಲ್ಕೊಯೋಟ್ಲ್‌ನಲ್ಲಿ ಇಂದು ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. 1985ರ ಭೂಕಂಪದ ನಂತರ ನಗರದ ಕೇಂದ್ರ ಭಾಗದಿಂದ ಇನ್ನಷ್ಟು ಜನ ಹೊರನಡೆದರು. 2000ದ ನಂತರ ಗೃಹಸಾಲದ ನೆರವಿನಿಂದ ಅಗ್ಗದ ಜಮೀನಿನಲ್ಲಿ ಸಾಲು ಸಾಲು ಮನೆಗಳು ಎದ್ದವು. ಮನೆ ಬಂತು, ಉದ್ಯೋಗ ಹಿಂಬಾಲಿಸಲಿಲ್ಲ. ನಿತ್ಯ ಪ್ರಯಾಣದ ಹೊರೆ ತಾಳಲಾರದೆ ಹಲವರು ಆ ಮನೆಗಳನ್ನೇ ತೊರೆದರು.

ಬದಲಾದ ಜನಸಮುದಾಯ

ಜನರ ಸ್ವರೂಪವೂ ಬದಲಾಗಿದೆ. ದೇಶದ ಮಧ್ಯಮಾನ ವಯಸ್ಸು 29 ಆಗಿದ್ದರೆ ರಾಜಧಾನಿಯದು 35. ಅಲ್ಲಿನ ಜನರಲ್ಲಿ ಮಹಿಳೆಯರು ಶೇ 52ರಷ್ಟಿದ್ದಾರೆ. ಮೂಲನಿವಾಸಿಗಳ ಭಾಷೆಯನ್ನಾಡುವವರು 1.25 ಲಕ್ಷ, ಅವರಲ್ಲಿ ನಾವಾಟ್ಲ್ ಭಾಷಿಕರೇ ಹೆಚ್ಚು. ಆದರೆ ತಮ್ಮನ್ನು ಮೂಲನಿವಾಸಿಗಳೆಂದು ಗುರುತಿಸಿಕೊಳ್ಳುವವರು ಎಂಟು ಲಕ್ಷಕ್ಕೂ ಅಧಿಕ. ಭಾಷೆಯೊಂದನ್ನೇ ಅಳತೆಗೋಲಾಗಿಸಿದರೆ ಬಹುಪಾಲು ಜನ ಲೆಕ್ಕದಿಂದಲೇ ಜಾರಿಹೋಗುತ್ತಾರೆ.

ಗಡಿಯ ಬೆಲೆ

2017ರ ಸಮೀಕ್ಷೆಯೊಂದರ ಪ್ರಕಾರ ವಲಯದಲ್ಲಿ ಕೆಲಸದ ದಿನವೊಂದರಲ್ಲಿ ನಡೆಯುವ ಪ್ರಯಾಣಗಳು ಸುಮಾರು 3.45 ಕೋಟಿ. ಮೆಟ್ರೊ ಜಾಲದ ಬಹುಭಾಗವಿರುವುದು ರಾಜಧಾನಿಯ ಗಡಿಯೊಳಗೆ. ಹೊರವಲಯದ ಕಾರ್ಮಿಕ ಮೊದಲು ಸಣ್ಣ ಬಸ್ಸು ಹಿಡಿದು, ನಂತರ ಮೆಟ್ರೊ ಏರಿ, ಎರಡೆರಡು ದರ ತೆರಬೇಕು. ಆತ ದುಡಿಯುವುದು ಒಂದು ಸರ್ಕಾರದ ವ್ಯಾಪ್ತಿಯಲ್ಲಿ, ಮತ ಹಾಕುವುದು ಇನ್ನೊಂದರಲ್ಲಿ. ತನ್ನ ದಿನದ ಬಹುಭಾಗ ಕಳೆಯುವ ನಗರದ ಆಡಳಿತವನ್ನು ಪ್ರಶ್ನಿಸುವ ಮತ ಅವನಿಗಿಲ್ಲ.

2016ರಲ್ಲಿ ಫೆಡರಲ್ ಜಿಲ್ಲೆ ಎಂಬ ಹಳೆಯ ಹೆಸರು ಕಳಚಿ ರಾಜಧಾನಿಗೆ ಹೆಚ್ಚಿನ ಸ್ವಾಯತ್ತತೆ ದಕ್ಕಿತು. ಗಡಿ ಮಾತ್ರ ಕದಲಲಿಲ್ಲ. ಉದ್ಯೋಗವಿರುವಲ್ಲಿ ಬಡವರ ಕೈಗೆಟಕುವ ಮನೆ, ಗಡಿ ದಾಟಿದರೂ ಬದಲಾಗದ ಒಂದೇ ಟಿಕೆಟ್, ನೀರಿನ ನ್ಯಾಯಯುತ ಹಂಚಿಕೆ: ಇವು ಮೂರು ಸರ್ಕಾರಗಳು ಕೂಡಿ ಮಾಡಬೇಕಾದ ಕೆಲಸಗಳು. ಅಲ್ಲಿಯವರೆಗೆ ಮಹಾನಗರವನ್ನು ಒಂದಾಗಿ ಹಿಡಿದಿಟ್ಟಿರುವುದು ನಸುಕಿನಲ್ಲೇ ಮನೆ ಬಿಡುವ ಪ್ರಯಾಣಿಕರು.