ನಾಲ್ಕು ವರ್ಷದ ಮಗುವನ್ನು ಜರಡಿ ಹಿಡಿಯಬೇಡಿ
ನ್ಯೂಯಾರ್ಕ್ ನಗರದ ಕನ್ನಡಿಗ ತಂದೆತಾಯಂದಿರಲ್ಲಿ ಮನವಿ



ಕಿಂಡರ್‌ಗಾರ್ಟನ್ ಅರ್ಜಿಯ ಗಡುವು ಹತ್ತಿರ ಬಂದಿದೆ. ಅದರ ಬೆನ್ನಿಗೇ ‘ಗಿಫ್ಟೆಡ್ ಅಂಡ್ ಟ್ಯಾಲೆಂಟೆಡ್’ ತರಗತಿಯ ಆಸೆಯೂ ನಮ್ಮ ಮನೆಗಳಿಗೆ ಬಂದು ಕೂತಿದೆ. ನಾಲ್ಕು ವರ್ಷದ ಮಕ್ಕಳನ್ನು ಜಾಣರು, ಉಳಿದವರು ಎಂದು ಎರಡು ಪಾಲು ಮಾಡುವ ಈ ಅನ್ಯಾಯ ನಡೆಯುತ್ತಿರುವುದು ಸಾರ್ವಜನಿಕ ಶಾಲೆಗಳಲ್ಲಿ, ನಮ್ಮೆಲ್ಲರ ತೆರಿಗೆ ದುಡ್ಡಿನಲ್ಲಿ. ಈ ಜರಡಿಗೂ ಮನೆ ಬಾಡಿಗೆಗೂ ಸಂಬಂಧವಿದೆ. ಬ್ರೂಕ್ಲಿನ್ನಿನ ಫೋರ್ಟ್ ಗ್ರೀನ್, ಬೆಡ್‌ಫರ್ಡ್-ಸ್ಟೈವೆಸೆಂಟ್‌ನಂಥ ಕಪ್ಪು ಜನರ ಬಡಾವಣೆಗಳಿಗೆ ಹಣವಂತರು ಬಂದರು, ಬಾಡಿಗೆ ಏರಿತು, ತಲೆಮಾರುಗಳಿಂದ ಬಾಳಿದವರು ಗಂಟುಮೂಟೆ ಕಟ್ಟಿದರು. ಬಂದವರಿಗೆ ಅಲ್ಲಿನ ಹಳೆಯ ಮನೆಗಳು ಬೇಕು, ಸಬ್‌ವೇ ಬೇಕು, ಪಾರ್ಕು ಬೇಕು. ಅಲ್ಲಿನ ಶಾಲೆ ಮಾತ್ರ ಬೇಡ. ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಆ ನಾಚಿಕೆ ಮುಚ್ಚಿಕೊಳ್ಳಲು ಸರ್ಕಾರವೇ ಕೊಟ್ಟ ಹೊದಿಕೆ ಗಿಫ್ಟೆಡ್ ತರಗತಿ.

2008ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಆಡಳಿತ ಇಡೀ ನಗರಕ್ಕೆ ಒಂದೇ ಪರೀಕ್ಷೆ, ಒಂದೇ ಅಂಕದ ಗೆರೆ ತಂದಿತು. ಎಲ್ಲರಿಗೂ ಒಂದೇ ನ್ಯಾಯ ಎಂದಿತು. ಕೋಚಿಂಗಿಗೆ ದುಡ್ಡಿದ್ದ ಕಡೆ ಸೀಟು ತುಂಬಿದವು. ಸೌತ್ ಬ್ರಾಂಕ್ಸ್, ಬ್ರೌನ್ಸ್‌ವಿಲ್, ಬೆಡ್‌ಫರ್ಡ್-ಸ್ಟೈವೆಸೆಂಟ್‌ಗಳಲ್ಲಿ ಗೆರೆ ದಾಟಿದ ಮಕ್ಕಳು ಒಂದು ತರಗತಿಗೂ ಸಾಲಲಿಲ್ಲವೆಂದು ತರಗತಿಗಳೇ ಇಲ್ಲವಾದವು. 2016ರಲ್ಲಿ ಮೂರನೆಯ ಕ್ಲಾಸಿನಿಂದ ಮತ್ತೆ ಶುರುವಾಗುವವರೆಗೆ ಅಲ್ಲಿ ವರ್ಷಗಟ್ಟಲೆ ಒಂದೂ ಇರಲಿಲ್ಲ. ಅಷ್ಟು ದೊಡ್ಡ ಬಡಾವಣೆಗಳಲ್ಲಿ ಜಾಣ ಮಕ್ಕಳೇ ಹುಟ್ಟಲಿಲ್ಲವೆಂದು ನಂಬುವವರು ಎದ್ದು ನಿಂತು ಹೇಳಲಿ! ಇದರಲ್ಲಿ ಹಣದ ಲೆಕ್ಕವೂ ಇದೆ: 2007ರಿಂದ ಶಾಲೆಗೆ ಬರುವ ಹಣದ ದೊಡ್ಡ ಪಾಲು ಮಕ್ಕಳ ತಲೆಯೆಣಿಕೆಯ ಮೇಲೆ ನಿಂತಿದೆ. ಜರಡಿಯಲ್ಲಿ ಆಯ್ಕೆಯಾಗಿ ಬೇರೆ ಶಾಲೆಗೆ ಹೋಗುವ ಪ್ರತಿ ಮಗುವಿನ ಜೊತೆ ಬೀದಿಯ ಶಾಲೆಯ ದುಡ್ಡೂ ಹೋಗುತ್ತದೆ. ಸಂಗೀತದ ಮೇಷ್ಟ್ರು ಹೋಗುತ್ತಾರೆ, ಲೈಬ್ರರಿಗೆ ಬೀಗ ಬೀಳುತ್ತದೆ. ಆಮೇಲೆ ‘ಆ ಶಾಲೆ ಚೆನ್ನಾಗಿಲ್ಲ’ ಎಂಬ ಮಾತು ಹುಟ್ಟುತ್ತದೆ, ಮುಂದಿನ ವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಶಾಲೆ ಕೆಟ್ಟದ್ದರಿಂದ ಜನ ಬಿಟ್ಟರು ಎನ್ನುತ್ತಾರೆ. ಜನ ಬಿಟ್ಟದ್ದರಿಂದಲೇ ಎಷ್ಟೋ ಶಾಲೆ ಕೆಟ್ಟವು.

ಬ್ರೂಕ್ಲಿನ್ನಿನ ಡಂಬೋ ಬಡಾವಣೆಯಲ್ಲಿ ನಡೆದದ್ದನ್ನು ನೆನೆಯಿರಿ. ಕಿಕ್ಕಿರಿದಿದ್ದ ಪಿ.ಎಸ್. 8ರಿಂದ ಡಂಬೋದ ಮಕ್ಕಳನ್ನು ಫರಾಗಟ್ ಹೌಸಸ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಪಕ್ಕದ ಪಿ.ಎಸ್. 307ಕ್ಕೆ ಸೇರಿಸಲು ನಗರ 2015ರಲ್ಲಿ ಹೊರಟಾಗ ಎಂಥ ಗದ್ದಲ! ಆ ಶಾಲೆಯಲ್ಲಿ ಮ್ಯಾಂಡರಿನ್ ಪಾಠವಿತ್ತು, ವಿಜ್ಞಾನಕ್ಕೆ ವಿಶೇಷ ಅನುದಾನವಿತ್ತು. ಆದರೂ ಬಡ ಕಪ್ಪು ಮಕ್ಕಳ ಪಕ್ಕ ಕೂರಲು ಹೊಸಬರಿಗೆ ಹಿಂಜರಿಕೆ. ಇತ್ತ ಆ ಶಾಲೆಯ ಹಳೆಯ ಮಕ್ಕಳ ತಾಯಂದಿರಿಗೆ ಬೇರೆಯೇ ಭಯ: ಮನೆ ಹೋದಂತೆ ಶಾಲೆಯೂ ಕೈತಪ್ಪಿದರೆ? 2016ರ ಜನವರಿಯಲ್ಲಿ ಶಾಲಾ ವಲಯದ ಗಡಿ ಬದಲಾವಣೆಗೆ ಒಪ್ಪಿಗೆ ಸಿಕ್ಕಿತು. ಆ ತಾಯಂದಿರ ಭಯಕ್ಕೆ ಗಿಫ್ಟೆಡ್ ಪರ ವಕಾಲತ್ತು ಮಾಡುವವರು ಇವತ್ತಿಗೂ ಕಿವಿಗೊಟ್ಟಿಲ್ಲ.

ಕಿಟಕಿಯಲ್ಲಿ ಸಮಾನತೆಯ ಫಲಕ ತೂಗುಹಾಕಿ ಮಗುವನ್ನು ಮಾತ್ರ ಬೇರೆ ಬಾಗಿಲಿಂದ ಕಳಿಸುವ ಉದಾರವಾದಿಗಳೇ, ನಿಮ್ಮ ಮಾತು ಸಾಕು. ಏಷ್ಯನ್ನರೆಲ್ಲರ ಪರ ಮಾತಾಡುತ್ತೇವೆನ್ನುವ ಹೆತ್ತವರ ಗುಂಪುಗಳೇ, ನಮ್ಮ ಹೆಸರು ಬಳಸಲು ನಿಮಗೆ ಅಧಿಕಾರ ಕೊಟ್ಟವರು ಯಾರು? ನಾವು ಬಿಟ್ಟುಬಂದ ದೇಶದಲ್ಲೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ದಾಖಲಾತಿಗೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸಿದೆ. ಎಲ್‌ಕೆಜಿ ಇಂಟರ್‌ವ್ಯೂವಿನ ಹಿಂಸೆ ಕಂಡ ನಾವೇ ಇಲ್ಲಿ ಅದಕ್ಕೆ ಕಾವಲು ನಿಲ್ಲುವುದೇ?

ಪರೀಕ್ಷೆ 2021ರಲ್ಲೇ ಹೋಯಿತಲ್ಲ, ಈಗ ಶಿಕ್ಷಕರ ಶಿಫಾರಸು, ಲಾಟರಿ ಎನ್ನುತ್ತಾರೆ. ಜರಡಿಯ ಕಣ್ಣು ಬದಲಾಯಿತು, ಜರಡಿ ಉಳಿಯಿತು. ಅದನ್ನು ತೆಗೆಯುತ್ತೇವೆಂದು ಅದೇ ವರ್ಷ ಆಗಿನ ಮೇಯರ್ ಡಿ ಬ್ಲಾಸಿಯೋ ಸಾರಿದ್ದನ್ನು 2022ರಲ್ಲಿ ಅವರ ನಂತರದ ಮೇಯರ್ ಆಡಮ್ಸ್ ತಿರುಗಿಸಿ, ಕಿಂಡರ್‌ಗಾರ್ಟನ್ನಿನಲ್ಲಿ 100, ಮೂರನೆಯ ತರಗತಿಯಲ್ಲಿ 1,000 ಸೀಟು ಹೆಚ್ಚಿಸಿದರು. ಜಾಣ ಮಗುವಿಗೆ ಸಾಮಾನ್ಯ ಕ್ಲಾಸಿನಲ್ಲಿ ಬೇಜಾರಾಗುತ್ತದಂತೆ! ಬೇಜಾರಾಗುವ ಕ್ಲಾಸು ಪಕ್ಕದ ಮನೆಯ ಮಗುವಿಗಾದರೆ ಒಪ್ಪಿತವೇ? ಅನುಕೂಲಸ್ಥರು ನಗರ ಬಿಟ್ಟು ಹೋಗುತ್ತಾರೆ ಎಂಬ ಬೆದರಿಕೆಯೂ ಹಳೆಯದು. ಪಾರ್ಕ್ ಸ್ಲೋಪ್, ರೆಡ್ ಹುಕ್, ಸನ್‌ಸೆಟ್ ಪಾರ್ಕ್‌ಗಳ 15ನೇ ಶಾಲಾ ಜಿಲ್ಲೆಯ ಮಿಡ್ಲ್ ಸ್ಕೂಲುಗಳಲ್ಲಿ 2018ರ ಯೋಜನೆಯಂತೆ ಅಂಕದ ಜರಡಿ ತೆಗೆದು, ಶೇ. 52ರಷ್ಟು ಸೀಟುಗಳಲ್ಲಿ ಬಡವರು, ವಸತಿಹೀನರು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಆದ್ಯತೆ ಕೊಟ್ಟರು. ಮಕ್ಕಳು ಬೆರೆತರು. ಪಾರ್ಕ್ ಸ್ಲೋಪ್ ಖಾಲಿಯಾಗಲಿಲ್ಲ.

1964ರ ಫೆಬ್ರವರಿ 3ರಂದು ಶಾಲೆಗಳ ಜನಾಂಗೀಯ ಪ್ರತ್ಯೇಕತೆಯನ್ನು ಧಿಕ್ಕರಿಸಿ ಇದೇ ನಗರದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಯಿಂದ ಹೊರಗುಳಿದರು. ನಮ್ಮಿಂದ ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ನಿಮ್ಮ ಬೀದಿಯ ಶಾಲೆಯನ್ನು ಈ ವಾರವೇ ಒಳಹೊಕ್ಕು ನೋಡಿ, ಅರ್ಜಿಯ ಮೊದಲ ಸ್ಥಾನದಲ್ಲಿ ಅದರ ಹೆಸರು ಬರೆಯಿರಿ. ಜಿಲ್ಲಾ ಶಿಕ್ಷಣ ಮಂಡಳಿಯ ಸಭೆಗೆ ಬನ್ನಿ. ಕೋಚಿಂಗಿನವರು ಅಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅವರಿಗಿಂತ ಮೊದಲು ಬನ್ನಿ.