ಫಂಗಸ್‌ಗೆ ಔಷಧಿ ಕೇಳುವ ಮೊದಲು ಥರ್ಮಾಮೀಟರ್ ಕೇಳಿ

ಕಳೆದ ಏಪ್ರಿಲ್‌ನಲ್ಲಿ ರಾಯಚೂರಿನಿಂದ ಅಕ್ಕ ಫೋನ್ ಮಾಡಿದಳು. "ನಿನ್ನ ಮೀನಿನ ಕಿವಿಗೆ ಅರಳೆ ಹತ್ತಿದಂಗ ಆಗೈತಿ, ಬಂದು ನೋಡು."

ಅದು ನನ್ನದಲ್ಲ, ಮೀನೂ ಅಲ್ಲ. ಅಕ್ಕನ ಮಗ ಮೈನ್‌ಕ್ರಾಫ್ಟ್ ಆಟದಲ್ಲಿ ನೋಡಿ, ಹಠ ಹಿಡಿದು, ಹುಟ್ಟುಹಬ್ಬಕ್ಕೆ ತರಿಸಿಕೊಂಡ ಆಕ್ಸೊಲಾಟಲ್. ಕಪ್ಪೆಯ ಹಾಗೆ ಉಭಯವಾಸಿಗಳ ಗುಂಪಿಗೆ ಸೇರಿದ, ಆದರೆ ಜೀವನವಿಡೀ ನೀರಿನಲ್ಲೇ ಕಳೆಯುವ ಪ್ರಾಣಿ. ಆದರೂ ಅಕ್ಕ "ನಿನ್ನ ಮೀನು" ಅಂದದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಮಾರಿದ ಅಂಗಡಿಯ ಬಗ್ಗೆ ಜಿಲ್ಲಾ ಪುಟದಲ್ಲಿ "ನಗುವ ಮೀನು ಬಂದಿದೆ ನೋಡಿ" ಅಂತ ಫೋಟೊ ಸಮೇತ ಬರೆದವನು ನಾನೇ. ಆ ಸುದ್ದಿಯಲ್ಲಿ ಬೆಲೆ ಇತ್ತು, ಬಣ್ಣ ಇತ್ತು, ಅಂಗಡಿಯ ವಿಳಾಸವೂ ಇತ್ತು. ನೀರು ಎಷ್ಟು ತಣ್ಣಗಿರಬೇಕು ಎಂಬ ಒಂದು ಸಾಲು ಇರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಹೋಗಿ ನೋಡಿದೆ. ಕಿವಿರಿನ ಗರಿಗಳ ಮೇಲೆ ಬಿಳಿ ಹತ್ತಿಯಂಥ ಬೂಷ್ಟು. ತೊಟ್ಟಿಯ ನೀರೆಲ್ಲ ನೀಲಿ. ಅಂಗಡಿಯವರು ಕೊಟ್ಟ ಔಷಧಿ ಮೂರು ದಿನದಿಂದ ಬೀಳುತ್ತಿತ್ತು. ದಾರಿಯಲ್ಲಿ ಕೊಂಡಿದ್ದ ಥರ್ಮಾಮೀಟರ್ ಇಳಿಬಿಟ್ಟೆ. 31 ಡಿಗ್ರಿ. ಐದನೇ ದಿನ ಅದು ಸತ್ತಿತು. ಹುಡುಗ ಅಂಗಡಿಯವರ ಮೇಲೆ ಸಿಟ್ಟಾಗಲಿಲ್ಲ, ತಾನು ಔಷಧಿ ಕಡಿಮೆ ಹಾಕಿದೆನೇನೋ ಅಂತ ಅತ್ತ. ನಾನು ಇದನ್ನು ಬರೆಯುತ್ತಿರುವುದು ಆ ಅಳುವಿಗಾಗಿ.

ನಮ್ಮಲ್ಲಿ ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಅದಕ್ಕೆ ನೀರು ತಾಗಲಿ, ಎರಡೇ ದಿನಕ್ಕೆ ಬೂಷ್ಟು. ಅದಕ್ಕೆ ಬೂಷ್ಟನ್ನು ಬೈದು ಪ್ರಯೋಜನವಿಲ್ಲ, ರೊಟ್ಟಿಗೆ ನೀರು ತಾಗಿಸಿದವರನ್ನು ಕೇಳಬೇಕು. ತೊಟ್ಟಿಯಲ್ಲೂ ಅಷ್ಟೇ. ಸಾಮಾನ್ಯವಾಗಿ ಕಾಣಿಸುವ ಈ ಬಿಳಿ ಎಳೆ ಸ್ಯಾಪ್ರೊಲೆಗ್ನಿಯಾ ಜಾತಿಯ ನೀರುಬೂಷ್ಟು. ಅದರ ಬೀಜಕಣಗಳು ನೀರಿರುವಲ್ಲೆಲ್ಲ ಇರುತ್ತವೆ. ತಿನ್ನದೆ ಬಿಟ್ಟ ಆಹಾರ, ಸತ್ತ ಮೊಟ್ಟೆ, ಗಾಯವಾದ ಚರ್ಮ ಸಿಕ್ಕರೆ ಅಲ್ಲಿ ಬೇರೂರುತ್ತವೆ. ಗಟ್ಟಿಮುಟ್ಟಾದ ಆಕ್ಸೊಲಾಟಲ್‌ನ ಚರ್ಮದ ಲೋಳೆ ಅದನ್ನು ದೂರ ಇಡುತ್ತದೆ. ಆ ರಕ್ಷಣೆ ಕುಸಿಯುವುದು ನೀರು ಬಿಸಿಯಾದಾಗ, ಹೊಲಸಾದಾಗ.

ಈ ಪ್ರಾಣಿಗೆ ಬೇಕಾದದ್ದು ಸುಮಾರು 16ರಿಂದ 18 ಡಿಗ್ರಿ ನೀರು. 24 ದಾಟಿದರೆ ಅಪಾಯ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ: 16 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 10 ಮಿಲಿಗ್ರಾಂ ಕರಗಿರುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಅದೇ ಹೊತ್ತಿಗೆ ಹೆಚ್ಚು ಬಿಸಿಗೆ ಪ್ರಾಣಿಯ ದೇಹ ಹೆಚ್ಚು ಆಮ್ಲಜನಕ ಕೇಳುತ್ತದೆ. ಮಲಮೂತ್ರದಿಂದ ಬರುವ ಅಮೋನಿಯಾ ಕಿವಿರನ್ನು ಸುಡುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ವಾರಗಟ್ಟಲೆ ಬೇಕು. ನಮ್ಮ ಅಂಗಡಿಯವರು ತೊಟ್ಟಿ, ಫಿಲ್ಟರ್, ಪ್ರಾಣಿ ಮೂರನ್ನೂ ಒಂದೇ ಚೀಲದಲ್ಲಿ ಹಾಕಿ ಕಳಿಸಿದ್ದರು.

ಆಮೇಲೆ ಆ ನೀಲಿ ಔಷಧಿ. ಮೆಥಿಲೀನ್ ಬ್ಲೂ ಬೂಷ್ಟಿಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದನ್ನು ತೊಟ್ಟಿಗೇ ಸುರಿದರೆ ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು, ಅಮೋನಿಯಾ ಮತ್ತೆ ಏರುತ್ತದೆ. ತಾಮ್ರ, ಮ್ಯಾಲಕೈಟ್ ಗ್ರೀನ್ ಬೆರೆತ ಮೀನಿನ ಔಷಧಿಗಳಂತೂ ಇನ್ನೂ ಕೆಟ್ಟವು. ಆಕ್ಸೊಲಾಟಲ್‌ಗೆ ಹುರುಪೆಯಿಲ್ಲ, ನೀರಿನಲ್ಲಿರುವುದನ್ನೆಲ್ಲ ಚರ್ಮವೇ ಹೀರಿಕೊಳ್ಳುತ್ತದೆ.

ಈಗಾಗಲೇ ಮನೆಯಲ್ಲಿ ಇಟ್ಟುಕೊಂಡವರಿಗೆ ಇಷ್ಟು ಹೇಳುತ್ತೇನೆ. ಬಿಳಿ ಎಳೆ ಕಂಡ ದಿನವೇ ಪ್ರಾಣಿಯನ್ನು ಬೇರೆ ಶುಚಿ ಟಬ್ಬಿಗೆ ಹಾಕಿ. ಸೋಪು ತಾಗಿದ ಬಕೆಟ್ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಬಳಸಿ, ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ನಿಧಾನವಾಗಿ ತಂಪಿಗೆ ತನ್ನಿ. ಎಳೆಗಳನ್ನು ಚಿಮಟದಿಂದ ಕೀಳಬೇಡಿ, ಕಿವಿರು ಹರಿಯುತ್ತದೆ. ಮೆಥಿಲೀನ್ ಬ್ಲೂ ಬಳಸಲೇಬೇಕಾದರೆ ಟಬ್ಬಿನಲ್ಲಿ ಮಾತ್ರ, ಅಳತೆ ತಿಳಿದುಕೊಂಡು. ಉಪ್ಪುನೀರಿನ ಸ್ನಾನ ಹಳೆಯ ಪದ್ಧತಿ, ಆದರೆ ಹೊತ್ತು ಮೀರಿದರೆ ಚರ್ಮ, ಕಿವಿರು ಎರಡೂ ಸುಡುತ್ತವೆ. ತೊಟ್ಟಿಗೆ ಉಪ್ಪು ಸುರಿಯುವುದಂತೂ ಬೇಡವೇ ಬೇಡ. ನಮ್ಮ ಶಾಲೆಗಳ ಅಂಗಳದಲ್ಲಿ ಬೆಳೆಯುವ ಕಾಡುಬಾದಾಮಿಯ ಒಣಗಿದ ಎಲೆಯಲ್ಲಿ ಟ್ಯಾನಿನ್ ಇದೆ, ಸಾಕುವವರು ಅದನ್ನೂ ನೀರಿಗೆ ಹಾಕುತ್ತಾರೆ. ಅದು ನೆರವು ಮಾತ್ರ. ಹೆಚ್ಚಾದರೆ ಪಶುವೈದ್ಯರಿಗೆ ತೋರಿಸಿ. ಕಳೆದುಕೊಂಡ ಕಾಲನ್ನೇ ಮತ್ತೆ ಬೆಳೆಸಿಕೊಳ್ಳುವ ಪ್ರಾಣಿ ಇದು. ತಣ್ಣನೆಯ ಶುಚಿ ನೀರು ಸಿಕ್ಕರೆ ಕಿವಿರೂ ಮತ್ತೆ ಬರುತ್ತದೆ.

ಆ ತಣ್ಣನೆಯ ನೀರನ್ನು ನಮ್ಮ ಜಿಲ್ಲೆಗಳಲ್ಲಿ ಎಲ್ಲಿಂದ ತರುತ್ತೀರಿ? ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನೀರಿನ ಮೇಲೆ ಫ್ಯಾನ್ ಇಟ್ಟರೆ ಕೆಲವು ಡಿಗ್ರಿ ಇಳಿಯಬಹುದು, 31 ಹೋಗಿ 18 ಆಗುವುದಿಲ್ಲ. ಐಸ್ ಬಾಟಲಿ ಇಟ್ಟರೆ ಒಮ್ಮೆ ತಂಪು ಒಮ್ಮೆ ಬಿಸಿ, ಆ ಏರಿಳಿತವೇ ಇನ್ನೊಂದು ಹಿಂಸೆ. ಉಳಿದದ್ದು ಚಿಲ್ಲರ್. ಅದರ ಬೆಲೆ ಪ್ರಾಣಿಯ ಬೆಲೆಯ ಹಲವು ಪಟ್ಟು, ಮೇಲೆ ಹಗಲೂ ರಾತ್ರಿ ಕರೆಂಟ್. ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ ಮಾಡುವ ಜಿಲ್ಲೆ ನಮ್ಮದು, ಆದರೂ ಬೇಸಿಗೆ ಮಧ್ಯಾಹ್ನ ಕರೆಂಟ್ ಯಾವಾಗ ಹೋಗುತ್ತದೆ ಅಂತ ಅಕ್ಕನನ್ನು ಕೇಳಿ.

"ಇವೆಲ್ಲ ತೊಟ್ಟಿಯಲ್ಲೇ ಹುಟ್ಟಿದವು ಸಾರ್, ಇಲ್ಲಿಗೆ ಒಗ್ಗಿಕೊಂಡಿವೆ" ಅಂತ ಅಂಗಡಿಯವರು ನನಗೂ ಹೇಳಿದರು. ತೊಟ್ಟಿಯಲ್ಲಿ ಹುಟ್ಟಿದ್ದು ನಿಜ. ಹಾಗಂತ ದೇಹ ಬದಲಾಗುವುದಿಲ್ಲ. ಇದರ ಮೂಲ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳು, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ಅಲ್ಲಿಯೂ ಅದು ಈಗ ಅಳಿವಿನಂಚಿನಲ್ಲಿದೆ: 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರಲ್ಲಿ 36ಕ್ಕೆ ಇಳಿದಿತ್ತು. ಕೊಳಕು ನೀರು, ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಅದಕ್ಕೆ ಮುಖ್ಯ ಕಾರಣ. ತವರಿನಲ್ಲಿ ಹೊಲಸು ನೀರು ಕೊಂದ ಪ್ರಾಣಿಯನ್ನು ನಾವು ಗಾಜಿನ ಪೆಟ್ಟಿಗೆಯಲ್ಲಿ ಅದೇ ರೀತಿ ಕೊಲ್ಲುತ್ತಿದ್ದೇವೆ.

ಕಾನೂನೂ ಇದೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಇದರ ಹೆಸರಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಕ್ಕನಿಗೆ ಅಂಗಡಿಯಲ್ಲಿ ಬಿಲ್ಲನ್ನೇ ಕೊಟ್ಟಿರಲಿಲ್ಲ, ನೋಂದಣಿಯ ಮಾತು ದೂರ.

ಹಾಗಾಗಿ ನನ್ನ ವಾದ ನೇರವಾಗಿದೆ. ವರ್ಷವಿಡೀ 18 ಡಿಗ್ರಿ ಕಾಯ್ದುಕೊಳ್ಳಲು ಆಗದವರು ಆಕ್ಸೊಲಾಟಲ್ ಸಾಕಬಾರದು. ಕೊಳ್ಳುವವರ ಮನೆಯಲ್ಲಿ ಚಿಲ್ಲರ್ ಇದೆಯೇ, ತೊಟ್ಟಿ ಹದಕ್ಕೆ ಬಂದಿದೆಯೇ ಅಂತ ಕೇಳದೆ ಮಾರುವವರು ಸಾವನ್ನೇ ಮಾರುತ್ತಿದ್ದಾರೆ, ಆಮೇಲೆ ಅದಕ್ಕೆ ಔಷಧಿಯನ್ನೂ ಮಾರುತ್ತಾರೆ.

ಇನ್ನು ನಾವು, ಕಾಲಂ ಲೆಕ್ಕದಲ್ಲಿ ಸುದ್ದಿ ಕಳಿಸುವವರು. ಭಾನುವಾರದ ಪುಟ ತುಂಬಲು ಬಣ್ಣದ ಪ್ರಾಣಿ ಸಿಕ್ಕರೆ ಬಿಡುವುದಿಲ್ಲ. ಆ "ನಗು" ಬಾಯಿಯ ಆಕಾರ ಅಷ್ಟೇ. 31 ಡಿಗ್ರಿ ನೀರಿನಲ್ಲಿ ಸಾಯುವಾಗಲೂ ಅದು ಹಾಗೇ ಕಾಣುತ್ತಿತ್ತು. ಅಂಗಡಿಗೆ ಹೋದಾಗ ಬೆಲೆ ಕೇಳಿದ ಹಾಗೆಯೇ ನೀರಿನ ಡಿಗ್ರಿ ಎಷ್ಟು ಅಂತಲೂ ಕೇಳಿ, ಉತ್ತರವನ್ನು ಸುದ್ದಿಯಲ್ಲಿ ಬರೆಯಿರಿ. ನಾನು ಅವತ್ತು ಕೇಳಿದ್ದರೆ ಅಕ್ಕನ ಮಗನಿಗೆ ಹುಟ್ಟುಹಬ್ಬಕ್ಕೆ ಸೈಕಲ್ ಬರುತ್ತಿತ್ತು.