ಮಳೆಗೂ ಹೆಸರಿದೆ, ಸರಿಯಾಗಿ ಬರೆಯೋಣ



ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆಯಬೇಕು ಅಂತ ಕಲಿತಿದ್ದೇವೆ. ಬೇಸಿಗೆ, ಚಳಿಗಾಲಕ್ಕೆ ದೊಡ್ಡ ಅಕ್ಷರ ಬೇಡ. ಸೆಲ್ಸಿಯಸ್ ಅನ್ನೋದಕ್ಕೆ ಬೇಕು, ಯಾಕೆಂದರೆ ಅದು ಸ್ವೀಡನ್ ದೇಶದ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ಅವರ ಹೆಸರು. ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಅಂತ ಇಲ್ಲ. ಹಾಗಂತ ನಮ್ಮ ಶಾಲೆಯ ಹವಾಮಾನದ ಬೋರ್ಡಿನಲ್ಲಿ ಹೆಂಗೆ ಬೇಕೋ ಹಂಗೆ ಬರೆದರೆ ನಡೆಯುತ್ತಾ? ನಡೆಯಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರ್ತಾನೆ. ಆ ದಿನಗಳಲ್ಲಿ ಬರೋ ಮಳೆಗೆ ಅದೇ ಹೆಸರು. ಈಗ ಬೋರ್ಡಿನಲ್ಲಿ ‘ಉತ್ತರ ಮಳೆ’ ಅಂತ ಬರೆದರೆ ಏನಂತ ತಿಳ್ಕೋಬೇಕು? ಉತ್ತರ ಅಂದ್ರೆ ದಿಕ್ಕು. ಪ್ರಶ್ನೆಗೆ ಬರೆಯೋದೂ ಉತ್ತರವೇ. ರೇಡಿಯೋದಲ್ಲಿ ‘ಉತ್ತರ ಒಳನಾಡಿನಲ್ಲಿ ಮಳೆ’ ಅಂದರೆ ಅದು ನಮಗಲ್ಲ, ಹಾಸನ ಇರೋದು ದಕ್ಷಿಣ ಒಳನಾಡಿನಲ್ಲಿ. ಅದೇ ‘ಉತ್ತರೆ ಮಳೆ’ ಅಂದರೆ ಸೆಪ್ಟೆಂಬರ್ ಮಧ್ಯದಲ್ಲಿ ಹಿಡಿಯೋ ಮಳೆ ಅಂತ ಅಜ್ಜಿಗೂ ಗೊತ್ತು. ಒಂದು ಎತ್ವದಲ್ಲಿ ಇಷ್ಟು ವ್ಯತ್ಯಾಸ!

ಹುಬ್ಬೆ, ಉತ್ತರೆ ಎಲ್ಲಾ ಹಳ್ಳಿ ಮಾತು, ಪುಸ್ತಕದ ಹೆಸರೇ ಬರೀಬೇಕು ಅಂತ ಕೆಲವರು ಹೇಳ್ತಾರೆ. ಆದರೆ ನಮ್ಮ ರೈತರು ಬಿತ್ತೋದೇ ಈ ಹೆಸರು ಹಿಡಿದು. ಹಾಸನದ ಕಡೆ ಆಲೂಗಡ್ಡೆ ಬಿತ್ತನೆ ಮೇ, ಜೂನ್ ತಿಂಗಳಲ್ಲಿ, ಅಂದರೆ ಕೃತ್ತಿಕೆ, ರೋಹಿಣಿ ಮಳೆ ಹೊತ್ತಿಗೆ. ಹುಬ್ಬೆ ಬದಲು ‘ಪೂರ್ವಾಫಾಲ್ಗುಣಿ’ ಅಂತ ಬರೆದರೆ ಊರಲ್ಲಿ ಎಷ್ಟು ಜನಕ್ಕೆ ತಿಳಿಯುತ್ತೆ?

ಅಳತೆಯೂ ಅಷ್ಟೆ. 25 ಮಿ.ಮೀ. ಅಂತ ಬರೆಯುವಾಗ ‘ಮಿ’ ಬಿಟ್ಟರೆ 25 ಮೀಟರ್ ಮಳೆ ಆಯ್ತು. ಶಾಲೆ ಹೆಂಚಿನ ಮೇಲೆಲ್ಲಾ ನೀರು!

ಊರನ್ನೂ ಬರೆಯಬೇಕು. ‘ಹಾಸನ ಜಿಲ್ಲೆಗೆ ಒಳ್ಳೆ ಮಳೆ’ ಅಂದರೆ ಸಾಲದು. ಘಟ್ಟದ ಪಕ್ಕದ ಸಕಲೇಶಪುರದಲ್ಲಿ ಮಳೆ ಹೆಚ್ಚು, ಪೂರ್ವಕ್ಕೆ ಬಂದ ಹಾಗೆ ಕಡಿಮೆ. ಅರಕಲಗೂಡಿನಲ್ಲಿ ಕೊಡೆ ಬಿಚ್ಚಿದ ದಿನವೇ ಚನ್ನರಾಯಪಟ್ಟಣದಲ್ಲಿ ಧೂಳು ಏಳ್ತಿರಬಹುದು.

ಅದಕ್ಕೆ ಬೋರ್ಡಿನಲ್ಲಿ ಮೊದಲು ತಾರೀಕು, ಆಮೇಲೆ ಊರು, ಹಿರಿಯರು ಹೇಳೋ ಮಳೆ ಹೆಸರು, ಕೊನೆಗೆ ಅಳತೆ ಬರೆಯೋಣ. ಉದಾಹರಣೆಗೆ: ಸೆಪ್ಟೆಂಬರ್ 14, ಹೊಳೆನರಸೀಪುರ, ಉತ್ತರೆ ಮಳೆ, 12 ಮಿ.ಮೀ. ಹೆಸರಿನ ಜೊತೆ ‘ಮಳೆ’ ಅನ್ನೋ ಪದ ಬಿಡಬಾರದು. ‘ಇವತ್ತು ರೋಹಿಣಿ ಬರಲಿಲ್ಲ’ ಅಂತ ಬರೆದರೆ ಹಾಜರಿ ಪುಸ್ತಕದ ಹಾಗೆ ಆಗುತ್ತೆ.

ದೊಡ್ಡ ಅಕ್ಷರ ಇಲ್ಲದಿದ್ದರೆ ಏನಂತೆ? ಹೊಲಕ್ಕೆ ಹೋಗೋರು ನಿಂತು ಓದಿದರೆ ಅವರಿಗೆ ಉಪಯೋಗ ಆಗಬೇಕು. ಬೇರೆ ಅಭಿಪ್ರಾಯ ಇದ್ದವರು ಮುಂದಿನ ಸಂಚಿಕೆಗೆ ಬರೆದು ಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ